ಒಂದು ಜೆರಾಕ್ಸ್ ಅಂಗಡಿಯ ಕಂಪ್ಯೂಟರ್: ಏನು ಕೆಟ್ಟಿತ್ತು, ಹೇಗೆ ಸರಿಯಾಯಿತು

ಬೆಂಗಳೂರಿನ ವಿಜಯನಗರದ ಕಡೆ, ಸಬ್ ರಿಜಿಸ್ಟ್ರಾರ್ ಆಫೀಸಿನ ಹತ್ತಿರ ಒಂದು ಪುಟ್ಟ ಅಂಗಡಿ ಇದೆ. ಬೋರ್ಡಿನ ಮೇಲೆ ಜೆರಾಕ್ಸ್ ಅಂತಿದ್ದರೂ ಅಲ್ಲಿ ಜಾಸ್ತಿ ನಡೆಯುವುದು ಬೇರೆ ಕೆಲಸ. ಬಾಡಿಗೆ ಕರಾರು ಟೈಪ್ ಮಾಡುವುದು, ಅಫಿಡವಿಟ್, ಇಸಿ ಅರ್ಜಿ, ಖಾತಾ ಪ್ರಿಂಟ್, ಆಧಾರ್, ಪಾನ್, ಮಕ್ಕಳ ಸ್ಕಾಲರ್‌ಶಿಪ್ ಅರ್ಜಿ. ನಡೆಸುವವರು ಒಬ್ಬ ಅಕ್ಕ. ಸಂಜೆ ಕಾಲೇಜು ಮುಗಿಸಿ ಮಗ ಬಂದು ಕೂರುತ್ತಾನೆ. ಇಷ್ಟೆಲ್ಲಾ ಕೆಲಸ ನಿಂತಿರುವುದು ಒಂದೇ ಒಂದು ಕಂಪ್ಯೂಟರ್ ಮೇಲೆ.

ಆ ಕಂಪ್ಯೂಟರ್ ಕೆಟ್ಟ ಬಗೆ, ಅದನ್ನು ಸರಿ ಮಾಡಿದ ಬಗೆ ಎರಡನ್ನೂ ಪೂರ್ತಿ ಬರೆದಿಡಬೇಕು ಅನ್ನಿಸಿತು. ಯಾಕಂದ್ರೆ ಬೆಂಗಳೂರಿನಲ್ಲಿ ಇಂಥ ಅಂಗಡಿ ಬೀದಿಗೊಂದಿದೆ, ಮತ್ತು ಅಲ್ಲಿರುವುದು ಅಂಗಡಿಯವರ ಫೈಲ್ ಮಾತ್ರ ಅಲ್ಲ, ನಮ್ಮೆಲ್ಲರ ಕಾಗದಪತ್ರ. ಅಕ್ಕನನ್ನು ಕೇಳಿಯೇ ಬರೆಯುತ್ತಿದ್ದೇನೆ. ಗುರುತು ಹತ್ತುವ ವಿವರ ಬಿಟ್ಟಿದ್ದೇನೆ.

ದೂರು ಏನಿತ್ತು

ದೂರು ಎರಡು. ಮೊದಲನೆಯದು ಹಳೆಯದು: ಸಿಸ್ಟಮ್ ಹ್ಯಾಂಗ್ ಆಗುತ್ತದೆ. ಬೆಳಿಗ್ಗೆ ಆನ್ ಮಾಡಿ, ಕಸ ಗುಡಿಸಿ, ದೇವರಿಗೆ ಊದುಬತ್ತಿ ಹಚ್ಚಿ, ಪಕ್ಕದ ದರ್ಶಿನಿಯಿಂದ ಕಾಫಿ ತಂದು ಕುಡಿದರೂ ವರ್ಡ್ ತೆರೆದುಕೊಂಡಿರುವುದಿಲ್ಲ. ಎರಡನೆಯದು ಹೊಸದು, ಮತ್ತು ಅಕ್ಕ ನನಗೆ ಫೋನ್ ಮಾಡಿದ್ದೇ ಅದಕ್ಕೆ. ದಿನಾ ಬರುವ ಒಬ್ಬ ವಕೀಲರು, "ಏನಮ್ಮಾ, ನಿಮ್ಮ ಮೇಲ್‌ನಿಂದ ನಂಗೊಂದು ಝಿಪ್ ಫೈಲ್ ಬಂದಿದೆ, ಕಳಿಸಿದ್ದು ನೀವೇನಾ?" ಅಂತ ಕೇಳಿದ್ದರು. ಅಕ್ಕ ಏನೂ ಕಳಿಸಿರಲಿಲ್ಲ.

ಮೊದಲನೇ ದೂರಿಗೆ ಸರ್ವಿಸ್ ಹುಡುಗ ಆಗಲೇ ಒಂದು ಉತ್ತರ ಕೊಟ್ಟಿದ್ದ. ಸಿಸ್ಟಮ್ ಹಳೇದಾಯ್ತು, ವಿಂಡೋಸ್ 10ಕ್ಕೆ ಇನ್ನು ಅಪ್‌ಡೇಟ್ ಬರಲ್ಲ, 11 ಇದರಲ್ಲಿ ಕೂರಲ್ಲ, ನಲವತ್ತು ಸಾವಿರಕ್ಕೆ ಹೊಸದು ತಗೊಳ್ಳಿ. ಇದರಲ್ಲಿ ಅಪ್‌ಡೇಟ್ ಬರಲ್ಲ ಅನ್ನುವ ಮಾತು ನಿಜ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿದೆ. 11 ಕೂರಲ್ಲ, ಹೊಸದೇ ಬೇಕು ಅನ್ನುವ ಎರಡು ಮಾತು ಸುಳ್ಳು ಅಂತ ಗೊತ್ತಾಗಿದ್ದು ಆಮೇಲೆ.

ಯಂತ್ರ 2018ರಲ್ಲಿ ಕೊಂಡಿದ್ದು. ಕಂಪನಿ ಡೆಸ್ಕ್‌ಟಾಪ್, ಇಂಟೆಲ್ ಐ3, 8ನೇ ತಲೆಮಾರು, 4 ಜಿಬಿ ರ್‍ಯಾಮ್, 1 ಟಿಬಿ ಹಾರ್ಡ್ ಡಿಸ್ಕ್. ಕರಾರು ಟೈಪ್ ಮಾಡೋಕೆ, ಪಿಡಿಎಫ್ ಪ್ರಿಂಟ್ ತೆಗೆಯೋಕೆ ಆ ಪ್ರೊಸೆಸರ್ ಧಾರಾಳವಾಗಿ ಸಾಕು.

ಮೊದಲು ನೆಟ್ ಕೇಬಲ್ ಕಿತ್ತೆ

ಮೇಲ್ ಬೇರೆಯವರ ಕೈ ಸೇರಿರುವ ಅನುಮಾನ ಬಂದಾಗ ನಿಧಾನದ ಮಾತು ಆಮೇಲೆ. ಅಂಗಡಿಗೆ ಹೋದ ತಕ್ಷಣ ಕಂಪ್ಯೂಟರ್‌ನಿಂದ ನೆಟ್ ಕೇಬಲ್ ತೆಗೆದೆ. ಪಾಸ್‌ವರ್ಡ್ ಬದಲಾಯಿಸುವ ಕೆಲಸ ಅಕ್ಕನ ಫೋನ್‌ನಲ್ಲಿ ಮಾಡಿದೆವು. ಇದನ್ನು ಒತ್ತಿ ಹೇಳುತ್ತೇನೆ, ಯಾಕಂದ್ರೆ ತುಂಬಾ ಜನ ಅದೇ ಸೋಂಕು ತಗುಲಿದ ಕಂಪ್ಯೂಟರ್ ಮುಂದೆ ಕೂತು ಹೊಸ ಪಾಸ್‌ವರ್ಡ್ ಹಾಕುತ್ತಾರೆ. ಹೊಸದೂ ಕಳ್ಳರಿಗೆ ಸಿಗುತ್ತದೆ ಅಷ್ಟೇ.

ಅಕ್ಕನಿಗೆ ಅರ್ಥವಾಗದೇ ಇದ್ದದ್ದು ಒಂದೇ. "ನಂಗೆ ಒಟಿಪಿನೇ ಬಂದಿಲ್ವಲ್ಲಪ್ಪಾ, ಹೇಗೆ ಒಳಗೆ ಹೋದ್ರು?" ಒಳ್ಳೆ ಪ್ರಶ್ನೆ. ನಾವು ಒಂದು ಸಲ ಲಾಗಿನ್ ಆದ ಮೇಲೆ ಬ್ರೌಸರ್ ಒಂದು ಗುರುತಿನ ತುಣುಕು ಇಟ್ಟುಕೊಳ್ಳುತ್ತದೆ, ಅದಕ್ಕೇ ಪ್ರತಿ ಸಲ ಪಾಸ್‌ವರ್ಡ್ ಕೇಳುವುದಿಲ್ಲ. ಬಿಎಂಟಿಸಿ ದಿನದ ಪಾಸ್ ತೋರಿಸಿ ಬಸ್ ಹತ್ತಿದ ಹಾಗೆ: ಪಾಸ್ ಕೈಯಲ್ಲಿದ್ದರೆ ಟಿಕೆಟ್ ಯಾರೂ ಕೇಳಲ್ಲ. ಆ ತುಣುಕನ್ನೇ ಕದ್ದರೆ ಪಾಸ್‌ವರ್ಡೂ ಬೇಡ, ಒಟಿಪಿಯೂ ಬೇಡ. ಇದಕ್ಕೆಂದೇ ಮಾಡಿದ ಕಳ್ಳ ಪ್ರೋಗ್ರಾಂಗಳಿವೆ. 2025ರ ಮೇ ತಿಂಗಳಲ್ಲಿ ಮೈಕ್ರೋಸಾಫ್ಟ್ ಮತ್ತು ಹಲವು ದೇಶಗಳ ಪೊಲೀಸರು ಸೇರಿ ಲುಮಾ ಎಂಬ ಇಂಥ ಒಂದು ಜಾಲವನ್ನು ಮುರಿದರು. ಎರಡೇ ತಿಂಗಳಲ್ಲಿ ಅದು ಹೊಕ್ಕಿದ್ದ ವಿಂಡೋಸ್ ಕಂಪ್ಯೂಟರ್‌ಗಳು 3,94,000ಕ್ಕೂ ಹೆಚ್ಚು ಅಂತ ಮೈಕ್ರೋಸಾಫ್ಟ್ ಹೇಳಿತು.

ಹಾಗಾಗಿ ಪಾಸ್‌ವರ್ಡ್ ಬದಲಾಯಿಸಿದ್ದಷ್ಟೇ ಅಲ್ಲ, ಗೂಗಲ್ ಖಾತೆಯ ಭದ್ರತೆ ಪುಟಕ್ಕೆ ಹೋಗಿ ಎಲ್ಲಾ ಸಾಧನಗಳಿಂದಲೂ ಸೈನ್ ಔಟ್ ಮಾಡಿಸಿದೆವು. ಆಮೇಲೆ ಜಿಮೇಲ್ ಸೆಟ್ಟಿಂಗ್ಸ್‌ನಲ್ಲಿ ಫಿಲ್ಟರ್ ನೋಡಿದರೆ ಅಲ್ಲಿ ಅಕ್ಕ ಹಾಕದ ಒಂದು ಫಿಲ್ಟರ್ ಕೂತಿತ್ತು. ಬರುವ ಉತ್ತರಗಳನ್ನೆಲ್ಲ ನೇರ ಕಸದ ಬುಟ್ಟಿಗೆ ಕಳಿಸು ಅಂತ. ಜನ "ಇದೇನು ಕಳಿಸಿದ್ರಿ?" ಅಂತ ಬರೆದದ್ದು ಅಕ್ಕನ ಕಣ್ಣಿಗೇ ಬೀಳಬಾರದು ಅನ್ನುವ ಉಪಾಯ. ವಕೀಲರು ಬಾಯಲ್ಲಿ ಕೇಳದೇ ಇದ್ದಿದ್ದರೆ ಇನ್ನೆಷ್ಟು ದಿನ ನಡೆಯುತ್ತಿತ್ತೋ. ಮೇಲ್ ಖಾತೆ ಅನುಮಾನ ಬಂದವರು ಫಿಲ್ಟರ್ ಮತ್ತು ಫಾರ್ವರ್ಡಿಂಗ್ ಎರಡನ್ನೂ ತೆರೆದು ನೋಡಲೇಬೇಕು.

ಅಕ್ಕ ಅವತ್ತೇ ಕೂತು, ಮೇಲ್ ಹೋಗಿದ್ದ ಪ್ರತಿಯೊಬ್ಬರಿಗೂ ಫೋನ್ ಮಾಡಿ ಆ ಫೈಲ್ ತೆರೀಬೇಡಿ ಅಂದರು. ನನಗೆ ಅವರ ಮೇಲೆ ಗೌರವ ಹೆಚ್ಚಿದ್ದು ಆಗ. ದುಡ್ಡು ಹೋಗಿರಲಿಲ್ಲ. ಹೋಗಿದ್ದರೆ ಮೊದಲ ಕೆಲಸ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್. ತಡ ಮಾಡಿದಷ್ಟೂ ದುಡ್ಡು ಖಾತೆಯಿಂದ ಖಾತೆಗೆ ದಾಟಿ ಹೋಗುತ್ತದೆ. ನಾವು ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಒಂದು ದೂರು ದಾಖಲಿಸಿ, ಕಂಪ್ಯೂಟರ್ ಕಡೆ ತಿರುಗಿದೆವು.

ಒಳಗೆ ಏನೇನಿತ್ತು

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ಬರುತ್ತದೆ. ಏನೂ ತೆರೆಯದೆ, ಮೌಸ್ ಮುಟ್ಟದೆ ಸುಮ್ನೆ ನೋಡುತ್ತಾ ಕೂತೆವು. ಡಿಸ್ಕ್ 100 ಪ್ರತಿಶತ. ಮೆಮೊರಿ ತುಂಬಿ ತುಳುಕುತ್ತಿತ್ತು. ಪ್ರೊಸೆಸರ್ ಮಾತ್ರ ಆರಾಮಾಗಿತ್ತು. ಅಂದರೆ ಯಂತ್ರಕ್ಕೆ ಶಕ್ತಿ ಇಲ್ಲ ಅಂತಲ್ಲ. ರ್‍ಯಾಮ್‌ನಲ್ಲಿ ಜಾಗ ಇಲ್ಲದೆ ವಿಂಡೋಸ್ ಎಲ್ಲವನ್ನೂ ಹಾರ್ಡ್ ಡಿಸ್ಕ್‌ಗೆ ಇಳಿಸಿ ಮತ್ತೆ ಎತ್ತಿಕೊಳ್ಳುತ್ತಿದೆ, ತಿರುಗುವ ಡಿಸ್ಕ್ ಆ ವೇಗಕ್ಕೆ ಬರುತ್ತಿಲ್ಲ. ಸ್ಟಾರ್ಟಪ್ ಟ್ಯಾಬ್ ತೆರೆದಾಗ ಪಟ್ಟಿ ಪರದೆಗೆ ಹಿಡಿಸಲಿಲ್ಲ.

ಆ ಪಟ್ಟಿಯನ್ನು ಅಕ್ಕನ ಮಗ ಓದುತ್ತಾ ಹೋದ, ನಾನು ಯಾಕೆ ಬಂತು ಇದು ಅಂತ ಕೇಳುತ್ತಾ ಹೋದೆ. ಎರಡು ಆ್ಯಂಟಿವೈರಸ್. ಒಂದು ಕಂಪ್ಯೂಟರ್ ಜೊತೆ ಟ್ರಯಲ್ ಆಗಿ ಬಂದದ್ದು, ಅವಧಿ ಮುಗಿದು ಯಾವುದೋ ಕಾಲವಾಗಿತ್ತು. ಇನ್ನೊಂದು ಪುಕ್ಕಟೆ. ಎರಡು ಕ್ಲೀನರ್. ಒಂದು ಡ್ರೈವರ್ ಅಪ್‌ಡೇಟರ್. ಮೂರು ಪಿಡಿಎಫ್ ಕನ್ವರ್ಟರ್. ಒಂದು ಟೊರೆಂಟ್ ಆ್ಯಪ್. ಈಗ ಇಲ್ಲದ ಒಂದು ಫೋನ್‌ಗೆ ಸಂಬಂಧಿಸಿದ ಆ್ಯಪ್. ಮತ್ತು ದೂರದಿಂದ ಕಂಪ್ಯೂಟರ್ ನಡೆಸುವ ಒಂದು ಆ್ಯಪ್. ಇದನ್ನು ಹಿಂದೊಮ್ಮೆ ಪ್ರಿಂಟರ್ ಸರಿ ಮಾಡಲು ಯಾರೋ ಹಾಕಿಸಿದ್ದರು. ಯಾರೂ ಒಪ್ಪಿಗೆ ಒತ್ತದೆಯೂ ಪಾಸ್‌ವರ್ಡ್ ಇದ್ದವರು ಒಳಗೆ ಬರುವಂತೆ ಅದನ್ನು ಬಿಟ್ಟು ಹೋಗಿದ್ದರು.

ನನ್ನನ್ನು ತಡೆದು ನಿಲ್ಲಿಸಿದ್ದು ಒಂದು ವಿಷಯ. ಇದರಲ್ಲಿ ಕೆಲವು ಆ್ಯಪ್ ಬಂದಿದ್ದೇ ಕಂಪ್ಯೂಟರ್ ಫಾಸ್ಟ್ ಆಗಲಿ, ಸರಿಹೋಗಲಿ ಅಂತ. ನಿಧಾನ ಆಯಿತು, ಒಂದು ಕ್ಲೀನರ್ ಹಾಕಿದರು. ಇನ್ನೂ ನಿಧಾನ, ಇನ್ನೊಂದು ಹಾಕಿದರು. ಪ್ರಿಂಟರ್ ತೊಂದರೆ ಕೊಟ್ಟಿತು, ಡ್ರೈವರ್ ಅಪ್‌ಡೇಟರ್ ಹಾಕಿದರು. ಪ್ರತಿಯೊಂದೂ ಬೆಳಿಗ್ಗೆ ಕಂಪ್ಯೂಟರ್ ಜೊತೆಗೇ ಎದ್ದು, ತನ್ನ ಅಪ್‌ಡೇಟ್ ಹುಡುಕಿ, ತನ್ನ ಸ್ಕ್ಯಾನ್ ಶುರು ಮಾಡುತ್ತದೆ. ಎರಡು ಆ್ಯಂಟಿವೈರಸ್ ಇದ್ದರಂತೂ ತೆರೆಯುವ ಒಂದೊಂದು ಫೈಲನ್ನೂ ಇಬ್ಬರೂ ನೋಡಬೇಕು. ನನ್ನ ಖಚಿತ ಅಭಿಪ್ರಾಯ: ಮನೆ, ಅಂಗಡಿ ಕಂಪ್ಯೂಟರ್‌ಗೆ ಕ್ಲೀನರ್, ಬೂಸ್ಟರ್, ರಿಜಿಸ್ಟ್ರಿ ರಿಪೇರಿ, ಡ್ರೈವರ್ ಅಪ್‌ಡೇಟರ್ ಅನ್ನುವ ಜಾತಿಯ ಒಂದು ಆ್ಯಪ್ ಕೂಡ ಬೇಕಿಲ್ಲ. ಟೆಂಪ್ ಫೈಲ್ ತೆಗೆಯೋಕೆ ವಿಂಡೋಸ್‌ನಲ್ಲೇ ಸ್ಟೋರೇಜ್ ಸೆನ್ಸ್ ಇದೆ. ಡ್ರೈವರ್ ವಿಂಡೋಸ್ ಅಪ್‌ಡೇಟ್‌ನಿಂದ ಅಥವಾ ತಯಾರಿಸಿದ ಕಂಪನಿಯ ಸೈಟ್‌ನಿಂದ ಬರುತ್ತದೆ. ವಿಂಡೋಸ್ ತನ್ನ ಸೆಟ್ಟಿಂಗ್ ಬರೆದಿಡುವ ರಿಜಿಸ್ಟ್ರಿಯನ್ನು ಉಜ್ಜಿ ತೊಳೆದರೆ ಕಂಪ್ಯೂಟರ್ ವೇಗ ಆಗಲ್ಲ.

ಹೆಸರುವಾಸಿ ಆ್ಯಪ್ ಆದರೆ ತೊಂದರೆ ಇಲ್ಲ ಅಲ್ವಾ ಅಂತ ಕೇಳುವವರಿಗೆ ಸಿಕ್ಲೀನರ್ ಅನ್ನುವ ಹೆಸರುವಾಸಿ ಕ್ಲೀನರ್ ಆ್ಯಪ್‌ನ 2017ರ ಪ್ರಕರಣ ನೆನಪಿಸುತ್ತೇನೆ. ಅದರ 5.33 ಆವೃತ್ತಿಯೊಳಗೆ ಕಳ್ಳರು ತಮ್ಮ ಕೋಡ್ ಸೇರಿಸಿದ್ದರು. ಕಂಪನಿಯ ಸೈಟ್‌ನಿಂದಲೇ, ಕಂಪನಿಯ ಡಿಜಿಟಲ್ ಸಹಿಯೊಂದಿಗೇ ಅದು ಸುಮಾರು 22 ಲಕ್ಷ 70 ಸಾವಿರ ಕಂಪ್ಯೂಟರ್‌ಗಳಿಗೆ ಹೋಯಿತು. ಹಾಕಿಕೊಂಡವರು ಯಾವ ತಪ್ಪೂ ಮಾಡಿರಲಿಲ್ಲ. ಒಂದು ಆ್ಯಪ್ ಹೆಚ್ಚಾದರೆ ಒಂದು ಬಾಗಿಲು ಹೆಚ್ಚಾಯಿತು ಅಂತಲೇ ಲೆಕ್ಕ.

ಆದರೆ ಅಂಗಡಿಯಲ್ಲಿ ನಿಜವಾದ ಬಾಗಿಲು ತೆರೆದಿದ್ದು ಬೇರೆ ಕಡೆ. ಎರಡೂ ಆ್ಯಂಟಿವೈರಸ್ ತೆಗೆದ ಮೇಲೆ ವಿಂಡೋಸ್‌ನ ಸ್ವಂತ ಡಿಫೆಂಡರ್ ಎದ್ದು ಕೂತಿತು. ವಿಂಡೋಸ್ ಸೆಕ್ಯುರಿಟಿಯೊಳಗೆ ವೈರಸ್ ರಕ್ಷಣೆಯ ಸೆಟ್ಟಿಂಗ್ಸ್‌ಗೆ ಹೋದರೆ ಕೊನೆಯಲ್ಲಿ ಎಕ್ಸ್‌ಕ್ಲೂಷನ್ಸ್ ಅಂತ ಒಂದು ಜಾಗ ಇರುತ್ತದೆ. ಇಂಥ ಫೋಲ್ಡರ್ ನೋಡಬೇಡ ಅಂತ ಡಿಫೆಂಡರ್‌ಗೆ ಹೇಳುವ ಪಟ್ಟಿ ಅದು. ಅದನ್ನು ಒತ್ತಿದೆ. ಒಂದೇ ಸಾಲು ಇತ್ತು. ಸಿ ಡ್ರೈವ್. ಇಡೀ ಸಿ ಡ್ರೈವ್.

ಅಂದರೆ ಆ ಕಂಪ್ಯೂಟರ್‌ನಲ್ಲಿ ವಿಂಡೋಸ್ ಇರುವ ಡ್ರೈವನ್ನೇ ನೋಡಬೇಡ ಅಂತ ಕಾವಲುಗಾರನಿಗೆ ಯಾರೋ ಹೇಳಿದ್ದರು. ಯಾರು ಅಂದರೆ ವಿಂಡೋಸ್ ಮತ್ತು ಆಫೀಸ್‌ನ ಕ್ರ್ಯಾಕ್, ಅಂದರೆ ಲೈಸೆನ್ಸ್ ಇಲ್ಲದೆ ಓಡಿಸುವ ಕಳ್ಳ ದಾರಿ. ಹಿಂದೊಮ್ಮೆ ಫಾರ್ಮ್ಯಾಟ್ ಮಾಡಿಸಿದಾಗ ಪುಕ್ಕಟೆ ಪ್ರೊ ಆವೃತ್ತಿ ಹಾಕಿ, ಆ್ಯಕ್ಟಿವೇಟರ್ ಓಡಿಸಿ ಕೊಟ್ಟಿದ್ದರು. ಆ್ಯಕ್ಟಿವೇಟರ್ ಅನ್ನು ಡಿಫೆಂಡರ್ ಹಿಡಿಯುತ್ತದೆ, ಅದಕ್ಕೇ ಮೊದಲು ಕಣ್ಣು ಕಟ್ಟುವುದು. ಆ ಪಟ್ಟಿಯಿಂದ ಸಿ ಡ್ರೈವ್ ತೆಗೆದು, ಡಿಫೆಂಡರ್‌ನ ಆಫ್‌ಲೈನ್ ಸ್ಕ್ಯಾನ್ ಕೊಟ್ಟೆ. ಇದು ವಿಂಡೋಸ್ ಪೂರ್ತಿ ಏಳುವ ಮೊದಲೇ ನಡೆಯುವ ಸ್ಕ್ಯಾನ್, ಅಡಗಿ ಕೂತದ್ದಕ್ಕೆ ತಪ್ಪಿಸಿಕೊಳ್ಳೋದು ಕಷ್ಟ. ಪಾಸ್‌ವರ್ಡ್ ಕದಿಯುವ ಪ್ರೋಗ್ರಾಂ ಸಿಕ್ಕಿತು. ಕ್ರ್ಯಾಕ್‌ನ ಬಳಗ ಸಿಕ್ಕಿತು. ಪೆನ್‌ಡ್ರೈವ್‌ಗೆ ಹತ್ತುವ ಶಾರ್ಟ್‌ಕಟ್ ವೈರಸ್ ಕೂಡ ಸಿಕ್ಕಿತು.

ಈ ಕೊನೆಯದರ ಬಗ್ಗೆ ಅಕ್ಕನಿಗೆ ತುಂಬಾ ಬೇಜಾರಾಯಿತು. ಅಂಗಡಿಯಿಂದ ಹೋದ ಪೆನ್‌ಡ್ರೈವ್‌ಗಳಲ್ಲಿ ಫೈಲ್ ಕಾಣೆಯಾಗಿ ಬರೀ ಶಾರ್ಟ್‌ಕಟ್ ಉಳಿದಿದೆ ಅಂತ ಕೆಲವರು ಹೇಳಿದ್ದರಂತೆ. ಅವು ಕಾಣೆಯಾಗಿರುವುದಿಲ್ಲ. ವೈರಸ್ ಅವನ್ನು ಅಡಗಿಸಿಟ್ಟು, ಅದೇ ಹೆಸರಿನ ಶಾರ್ಟ್‌ಕಟ್ ಇಡುತ್ತದೆ. ಅದನ್ನು ಒತ್ತಿದವರ ಕಂಪ್ಯೂಟರ್‌ಗೂ ಹತ್ತುತ್ತದೆ. ಹಾಗೆ ಆದಾಗ ಪೆನ್‌ಡ್ರೈವ್ ಫಾರ್ಮ್ಯಾಟ್ ಮಾಡಬೇಡಿ. ಅಡಗಿದ ಫೈಲ್ ಕಾಣಿಸು ಅನ್ನುವ ಸೆಟ್ಟಿಂಗ್ ಹಾಕಿದರೆ, ಅಥವಾ ಅಟ್ರಿಬ್ ಕಮಾಂಡ್‌ನಿಂದ ಅಡಗಿಸುವ ಗುರುತು ತೆಗೆದರೆ ಫೈಲ್ ವಾಪಸ್ ಸಿಗುತ್ತವೆ.

ಡೌನ್‌ಲೋಡ್ಸ್ ಫೋಲ್ಡರ್

ಇದಕ್ಕೆ ಬೇರೆಯಾಗಿಯೇ ಬರೆಯಬೇಕು. ಗಿರಾಕಿಗಳು ಕಾಗದ ಕಳಿಸುವುದು ಅಂಗಡಿಯ ವಾಟ್ಸಾಪ್‌ಗೆ. ಕಂಪ್ಯೂಟರ್‌ನಲ್ಲಿ ಅದನ್ನು ಇಳಿಸಿಕೊಂಡು ಪ್ರಿಂಟ್ ತೆಗೆಯುತ್ತಾರೆ. ಇಳಿಸಿದ್ದು ಅಲ್ಲೇ ಉಳಿಯುತ್ತದೆ. ವರ್ಷಗಟ್ಟಲೆ ಯಾರೂ ಅಳಿಸಿರಲಿಲ್ಲ. ಆಧಾರ್, ಪಾನ್, ಪಾಸ್‌ಬುಕ್ ಮೊದಲ ಪುಟ, ಸೇಲ್ ಡೀಡ್, ಮಾರ್ಕ್ಸ್ ಕಾರ್ಡ್, ಗಂಡ ಹೆಂಡತಿ ಜಂಟಿ ಫೋಟೋ. ಸಾವಿರಾರು ಫೈಲ್. ಅದೆಲ್ಲಾ ಪಾಸ್‌ವರ್ಡ್ ಕದಿಯುವ ಪ್ರೋಗ್ರಾಂ ಓಡುತ್ತಿದ್ದ ಡ್ರೈವ್‌ನಲ್ಲೇ ಇತ್ತು.

ಇ-ಆಧಾರ್ ಪಿಡಿಎಫ್‌ಗೆ ಪಾಸ್‌ವರ್ಡ್ ಇರುತ್ತಲ್ಲ ಅಂತ ಮಗ ಕೇಳಿದ. ಇರುತ್ತದೆ. ಹೆಸರಿನ ಮೊದಲ 4 ಅಕ್ಷರ, ಹುಟ್ಟಿದ ವರ್ಷ. ಗಿರಾಕಿಗಳು ಫೈಲ್ ಜೊತೆ ಅದನ್ನೂ ವಾಟ್ಸಾಪ್‌ನಲ್ಲೇ ಬರೆದು ಕಳಿಸುತ್ತಾರೆ. ಫೈಲಿನ ಪಕ್ಕದಲ್ಲೇ ಪಾನ್ ಕಾರ್ಡ್ ಇದ್ದರೆ ಹೆಸರೂ ವರ್ಷವೂ ಅದರ ಮೇಲೇ ಇದೆ.

2022ರ ಮೇ 27ರಂದು ಆಧಾರ್ ಕೊಡುವ ಸಂಸ್ಥೆ ಯುಐಡಿಎಐನ ಬೆಂಗಳೂರು ಪ್ರಾದೇಶಿಕ ಕಚೇರಿಯಿಂದ ಒಂದು ಸೂಚನೆ ಬಂದಿತ್ತು. ಆಧಾರ್ ಜೆರಾಕ್ಸ್ ಎಲ್ಲೆಂದರಲ್ಲಿ ಕೊಡಬೇಡಿ, ಇಂಟರ್ನೆಟ್ ಕೆಫೆಯಂಥ ಕಡೆ ಇ-ಆಧಾರ್ ಇಳಿಸಬೇಡಿ, ಇಳಿಸಿದರೆ ಆ ಪ್ರತಿಯನ್ನು ಪೂರ್ತಿ ಅಳಿಸಿ ಅಂತ. ಜನ ತಪ್ಪು ತಿಳಿಯಬಹುದು ಅನ್ನುವ ಕಾರಣಕ್ಕೆ ಎರಡೇ ದಿನದಲ್ಲಿ ಅದನ್ನು ವಾಪಸ್ ತಗೊಂಡರು. ವಾಪಸ್ ತಗೊಂಡರೂ ಅಳಿಸಿ ಅನ್ನುವ ಮಾತು ಮಾತ್ರ ಈ ಅಂಗಡಿಗೆ ಹೇಳಿ ಮಾಡಿಸಿದಂತಿದೆ. ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಯುಐಡಿಎಐ ಸೈಟ್‌ನಲ್ಲಿ ಸಿಗುತ್ತದೆ, ಎಲ್ಲಿ ಸಾಕಾಗುತ್ತದೋ ಅಲ್ಲಿ ಅದನ್ನೇ ಕೊಡುವುದು ಒಳ್ಳೆಯದು.

ತೊಳೆಯುವುದಾ, ಹೊಸದಾಗಿ ಹಾಕುವುದಾ

ಸ್ಕ್ಯಾನ್ ಆಯಿತು, ಕೆಟ್ಟದ್ದು ಹೋಯಿತು, ಇಷ್ಟಕ್ಕೆ ಬಿಡಬಹುದಿತ್ತು. ಅಕ್ಕನ ಆಸೆಯೂ ಅದೇ ಆಗಿತ್ತು, ಯಾಕಂದ್ರೆ ಅಂಗಡಿ ಮುಚ್ಚಿದ ದಿನ ಸಂಪಾದನೆ ಇಲ್ಲ. ನಾನು ಒಪ್ಪಲಿಲ್ಲ. ಅಡ್ಮಿನ್ ಹಕ್ಕಿನಲ್ಲಿ, ಕಾವಲಿಲ್ಲದೆ ಅಷ್ಟು ಕಾಲ ಏನೇನು ಓಡಿದೆ ಅಂತ ಯಾರೂ ಹೇಳಲಾಗದ ಯಂತ್ರವನ್ನು ನಂಬುವ ದಾರಿ ಒಂದೇ, ವಿಂಡೋಸ್ ಹೊಸದಾಗಿ ಹಾಕುವುದು. ಇನ್ನೊಂದು ಕಾರಣವೂ ಸಿಕ್ಕಿತು. ಕ್ರಿಸ್ಟಲ್ ಡಿಸ್ಕ್ ಇನ್ಫೋ ಎಂಬ ಪುಟ್ಟ ಆ್ಯಪ್‌ನಲ್ಲಿ ಹಾರ್ಡ್ ಡಿಸ್ಕ್ ಆರೋಗ್ಯ ನೋಡಿದರೆ ಹಳದಿ ಬಣ್ಣ, ಕಾಷನ್. ಕೆಟ್ಟ ಸೆಕ್ಟರ್‌ಗಳ ಲೆಕ್ಕ ಸೊನ್ನೆ ದಾಟಿತ್ತು. ಡಿಸ್ಕ್ ಹೇಗೂ ಬದಲಾಗಬೇಕಿತ್ತು.

ಇನ್ನು ವಿಂಡೋಸ್ 11 ಕೂರಲ್ಲ ಅನ್ನುವ ಮಾತು. ಐ3, 8ನೇ ತಲೆಮಾರು ಮೈಕ್ರೋಸಾಫ್ಟ್‌ನ ಪಟ್ಟಿಯಲ್ಲೇ ಇದೆ. ಹಾಗಿದ್ದರೂ ಪರೀಕ್ಷೆ ಮಾಡುವ ಆ್ಯಪ್ ಯಾಕೆ ಆಗಲ್ಲ ಅನ್ನುತ್ತಿತ್ತು? ಬಯಾಸ್ (ವಿಂಡೋಸ್ ಏಳುವ ಮೊದಲೇ ಬರುವ ಯಂತ್ರದ ಸೆಟ್ಟಿಂಗ್ ಪುಟ) ತೆರೆದು ನೋಡಿದರೆ ಇಂಟೆಲ್ ಪಿಟಿಟಿ ಅನ್ನುವ ಸಾಲು ಆಫ್ ಆಗಿತ್ತು. ವಿಂಡೋಸ್ 11 ಕೇಳುವ ಟಿಪಿಎಂ 2.0 ಅನ್ನುವ ಭದ್ರತಾ ಭಾಗ ಈ ಯಂತ್ರಗಳಲ್ಲಿ ಅದೇ. ಜೊತೆಗೆ ಪುಕ್ಕಟೆ ವಿಂಡೋಸ್ ಹಾಕಿದವರು ಹಳೇ ಲೆಗಸಿ ವಿಧಾನದಲ್ಲಿ ಹಾಕಿದ್ದರು, ಹಾಗಾಗಿ ಯಂತ್ರ ಆನ್ ಆಗುವಾಗ ಕಳ್ಳ ಕೋಡ್ ತಡೆಯುವ ಸೆಕ್ಯೂರ್ ಬೂಟೂ ಇಲ್ಲ. ಪಿಟಿಟಿ ಆನ್ ಮಾಡಿ, ಬೂಟ್ ವಿಧಾನವನ್ನು ಹೊಸದಾದ ಯುಇಎಫ್‌ಐಗೆ ಬದಲಾಯಿಸಿದರೆ ಮುಗಿಯಿತು. ನಲವತ್ತು ಸಾವಿರದ ಹೊಸ ಕಂಪ್ಯೂಟರ್ ಬೇಕಾಗಿರಲಿಲ್ಲ.

ಅಷ್ಟೇ ಅಲ್ಲ. ಕಂಪನಿ ಡೆಸ್ಕ್‌ಟಾಪ್ ಆದ್ದರಿಂದ ಅಸಲಿ ವಿಂಡೋಸ್ 10 ಹೋಮ್‌ನ ಲೈಸೆನ್ಸ್ ಮದರ್‌ಬೋರ್ಡ್‌ನಲ್ಲೇ ಇತ್ತು. ಅಕ್ಕ 2018ರಲ್ಲಿ ಅದಕ್ಕೆ ದುಡ್ಡು ಕೊಟ್ಟಿದ್ದರು. ಅದರ ಮೇಲೆ ಕ್ರ್ಯಾಕ್ ಹಾಕಿ, ಅದಕ್ಕೆ ಬೇರೆ ಚಾರ್ಜ್ ತಗೊಂಡಿದ್ದರು. ಇದು ನನಗೆ ನಿಜಕ್ಕೂ ಸಿಟ್ಟು ತರಿಸಿದ ಸಂಗತಿ. ಕಂಪನಿ ಲ್ಯಾಪ್‌ಟಾಪ್, ಡೆಸ್ಕ್‌ಟಾಪ್ ಇರುವವರು ಫಾರ್ಮ್ಯಾಟ್ ಮಾಡಿಸುವ ಮೊದಲು ಒಂದು ಮಾತು ಹೇಳಿ: ಇದರ ಜೊತೆ ಬಂದ ಆವೃತ್ತಿಯನ್ನೇ ಹಾಕಿ, ಪ್ರೊ ಬೇಡ.

ಎಸ್‌ಪಿ ರೋಡ್‌ನಿಂದ ಒಂದು ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ, ವೇಗದ ಡಿಸ್ಕ್), ಇನ್ನೊಂದು 4 ಜಿಬಿ ರ್‍ಯಾಮ್ ತಂದೆವು. ಬಿಲ್ ಮತ್ತು ವಾರಂಟಿ ಜೊತೆ. ಎರಡೂ ಸೇರಿ ಹೊಸ ಕಂಪ್ಯೂಟರ್‌ಗೆ ಹೇಳಿದ್ದ ದುಡ್ಡಿನ ಕಾಲು ಭಾಗವೂ ಆಗಲಿಲ್ಲ.

ಭಾನುವಾರದ ಕೆಲಸ

ಅಂಗಡಿಗೆ ಭಾನುವಾರ ರಜೆ. ಮೊದಲು ಫೈಲ್ ಉಳಿಸಿಕೊಳ್ಳಬೇಕು. ಹಳೇ ವಿಂಡೋಸ್ ಎಬ್ಬಿಸದೆ, ಲಿನಕ್ಸ್ ಇರುವ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಬೇಕಾದ ಫೈಲ್‌ಗಳನ್ನು ಮಾತ್ರ ಹೊರಗಿನ ಡಿಸ್ಕ್‌ಗೆ ಎತ್ತಿಕೊಂಡೆವು. ಕರಾರುಗಳ ಮಾದರಿ, ಲೆಕ್ಕದ ಶೀಟ್, ಅಂಗಡಿಯ ಸ್ವಂತ ಕಾಗದ. ಪ್ರೋಗ್ರಾಂ ಒಂದೂ ಇಲ್ಲ. ಗಿರಾಕಿಗಳ ಆಧಾರ್, ಪಾನ್ ಬೇಕೆಂದೇ ಬಿಟ್ಟೆವು.

ಕನ್ನಡದಲ್ಲಿ ಟೈಪ್ ಮಾಡುವ ಅಂಗಡಿಗಳಿಗೆ ಇಲ್ಲಿ ಒಂದು ಅಪಾಯ ಇದೆ. ಅಕ್ಕನ ಹಳೇ ಕರಾರುಗಳೆಲ್ಲ ನುಡಿ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದ, ಯೂನಿಕೋಡ್‌ಗಿಂತ ಹಿಂದಿನ ಆಸ್ಕಿ ಫಾಂಟ್‌ಗಳಲ್ಲಿವೆ. ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ತೆರೆದರೆ ಕನ್ನಡ ಕಾಣಲ್ಲ, ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಫಾರ್ಮ್ಯಾಟ್ ಆದ ಮೇಲೆ ಫೈಲ್ ಹಾಳಾಯಿತು ಅಂತ ಎಷ್ಟೋ ಜನ ಅಳಿಸಿಯೇ ಬಿಡುತ್ತಾರೆ, ಫೈಲ್ ಚೆನ್ನಾಗಿಯೇ ಇರುತ್ತದೆ. ಹಾಗಾಗಿ ಫಾಂಟ್‌ಗಳನ್ನೂ ಎತ್ತಿಕೊಳ್ಳಬೇಕು. ವಿಂಡೋಸ್ ಫೋಲ್ಡರಿನ ಫಾಂಟ್ಸ್‌ನಲ್ಲಿ ಎಲ್ಲವೂ ಇರುತ್ತವೆ ಅಂದುಕೊಳ್ಳಬೇಡಿ. ವಿಂಡೋಸ್ 10ರ ಈಚಿನ ಆವೃತ್ತಿಗಳಲ್ಲಿ ಒಬ್ಬ ಬಳಕೆದಾರರಿಗೆ ಮಾತ್ರ ಹಾಕಿದ ಫಾಂಟ್‌ಗಳು ಆ್ಯಪ್‌ಡೇಟಾ ಅನ್ನುವ ಅಡಗಿದ ಫೋಲ್ಡರಿನೊಳಗೆ ಹೋಗಿ ಕೂತಿರುತ್ತವೆ. ಅಕ್ಕ ಶೀರ್ಷಿಕೆಗೆ ಬಳಸುವ ಫಾಂಟ್ ಸಿಕ್ಕಿದ್ದು ಅಲ್ಲೇ. ನುಡಿ ತಂತ್ರಾಂಶವನ್ನು ಹುಡುಕಿದಾಗ ಬಂದ ಮೊದಲ ಜಾಹೀರಾತು ಒತ್ತದೆ, ಅದನ್ನು ರೂಪಿಸಿದ ಕನ್ನಡ ಗಣಕ ಪರಿಷತ್ತಿನ ಕಡೆಯಿಂದಲೇ ತಗೊಂಡೆವು.

ವಿಂಡೋಸ್ 11 ಅನ್ನು ನನ್ನ ಲ್ಯಾಪ್‌ಟಾಪ್‌ನಲ್ಲಿ ಮೈಕ್ರೋಸಾಫ್ಟ್ ಸೈಟ್‌ನಿಂದ ಪೆನ್‌ಡ್ರೈವ್‌ಗೆ ಇಳಿಸಿ ತಂದಿದ್ದೆ. ಹಳೇ ಡಿಸ್ಕ್‌ನ ಕೇಬಲ್ ತೆಗೆದು, ಎಸ್‌ಎಸ್‌ಡಿ ಮಾತ್ರ ಇಟ್ಟು ಹಾಕಿದ್ದು. ಹೋಮ್ ಆವೃತ್ತಿಯನ್ನು ಅದೇ ಗುರುತಿಸಿಕೊಂಡಿತು, ನೆಟ್ ಸಿಕ್ಕ ಮೇಲೆ ತಾನಾಗೇ ಆ್ಯಕ್ಟಿವೇಟ್ ಆಯಿತು. ಡಿಸ್ಕ್ ಎನ್‌ಕ್ರಿಪ್ಷನ್ ಕೂಡ ತಾನೇ ಆನ್ ಆಗಿತ್ತು. ಅದರ ರಿಕವರಿ ಕೀಯನ್ನು ಪ್ರಿಂಟ್ ತೆಗೆದು ಅಕ್ಕ ಮನೆಯ ಬೀರುವಿನಲ್ಲಿ ಇಟ್ಟಿದ್ದಾರೆ. ಆ ಕೀ ಇಲ್ಲದೆ ಮದರ್‌ಬೋರ್ಡ್ ಏನಾದರೂ ಕೈಕೊಟ್ಟರೆ ಫೈಲ್‌ಗಳಿಗೆ ಕೈ ಮುಗಿಯಬೇಕಾಗುತ್ತದೆ.

ಆ್ಯಪ್‌ಗಳ ವಿಷಯಕ್ಕೆ ಒಂದು ಹಾಳೆ ತಗೊಂಡು, ದಿನಾ ಬೇಕಾಗುವುದನ್ನು ಮಾತ್ರ ಅಕ್ಕನಿಂದಲೇ ಬರೆಸಿದೆ. ಒಂದು ಬ್ರೌಸರ್. ನುಡಿ. ವರ್ಡ್ ಬದಲಿಗೆ ಪುಕ್ಕಟೆ ಸಿಗುವ ಲಿಬ್ರೆ ಆಫೀಸ್. ಪ್ರಿಂಟರ್ ಡ್ರೈವರ್. ವಾಟ್ಸಾಪ್. ಒಂದು ಪಿಡಿಎಫ್ ರೀಡರ್. ಅಷ್ಟೇ. ಪಾಸ್‌ಪೋರ್ಟ್ ಫೋಟೋ ಕತ್ತರಿಸೋಕೆ ಒಂದು ಬೇಕು ಅಂತ ಮಗ ಸೇರಿಸಿದ. ಆ್ಯಂಟಿವೈರಸ್‌ಗೆ ಡಿಫೆಂಡರ್ ಸಾಕು, ಎಕ್ಸ್‌ಕ್ಲೂಷನ್ಸ್ ಪಟ್ಟಿ ಖಾಲಿ ಇದ್ದರೆ.

ಲಿಬ್ರೆ ಆಫೀಸ್ ಸುಲಭಕ್ಕೆ ಒಗ್ಗಲಿಲ್ಲ ಅನ್ನುವುದನ್ನು ಹೇಳಲೇಬೇಕು. ಕೆಲವು ಹಳೇ ಕರಾರುಗಳಲ್ಲಿ ಸ್ಟಾಂಪ್ ಪೇಪರ್‌ಗೆ ಬಿಟ್ಟ ಜಾಗ ಮೇಲೆ ಕೆಳಗೆ ಆಯಿತು. ಇನ್ನೊಂದು ತಮಾಷೆ ಅಲ್ಲದ ತೊಂದರೆ: ವಾಕ್ಯದ ಮೊದಲ ಅಕ್ಷರ ದೊಡ್ಡದು ಮಾಡುವ ಆಟೋ ಕರೆಕ್ಟ್ ಆನ್ ಇದ್ದರೆ ಆಸ್ಕಿ ಫಾಂಟ್‌ನಲ್ಲಿ ಕನ್ನಡದ ಅಕ್ಷರವೇ ಬೇರೆ ಆಗಿಬಿಡುತ್ತದೆ. ಕರಾರಿನಲ್ಲಿ ಹೆಸರು ತಪ್ಪಾದರೆ ಗೊತ್ತಲ್ಲ. ಅದನ್ನು ಆಫ್ ಮಾಡಿ, ಜಾಸ್ತಿ ಬಳಸುವ ಮಾದರಿಗಳನ್ನು ಯೂನಿಕೋಡ್‌ಗೆ ಬದಲಾಯಿಸಿ, ಅಂಚು ಸರಿ ಮಾಡಿ ಇಟ್ಟರು. ಒಂದು ವಾರ ಗೊಣಗಾಟ ಇತ್ತು, ಆಮೇಲೆ ನಿಂತಿತು.

ದಿನದ ಕೆಲಸಕ್ಕೆ ಅಡ್ಮಿನ್ ಅಲ್ಲದ ಸಾಮಾನ್ಯ ಖಾತೆ ಮಾಡಿದೆವು. ಏನಾದರೂ ಹಾಕಲು ಹೋದರೆ ಪಾಸ್‌ವರ್ಡ್ ಕೇಳುತ್ತದೆ, ಅದು ಅಕ್ಕನ ಹತ್ತಿರ ಮಾತ್ರ ಇದೆ. ಮಗನಿಗೂ ಕೊಟ್ಟಿಲ್ಲ, ಅವನೇ ಬೇಡ ಅಂದ. ಬ್ರೌಸರ್‌ನಲ್ಲಿ ಸೈಟ್‌ಗಳು ನೋಟಿಫಿಕೇಷನ್ ಕಳಿಸೋದನ್ನು ಪೂರ್ತಿ ನಿಲ್ಲಿಸಿದೆವು. ಹಳೇದರಲ್ಲಿ "ನಿಮ್ಮ ಕಂಪ್ಯೂಟರ್‌ನಲ್ಲಿ 5 ವೈರಸ್ ಇದೆ" ಅಂತ ಮೂಲೆಯಲ್ಲಿ ಹಾರುತ್ತಿದ್ದದ್ದು ಆ್ಯಂಟಿವೈರಸ್‌ನದಲ್ಲ, ಯಾವತ್ತೋ ಅಲೌ ಒತ್ತಿದ ಸೈಟ್‌ನ ಜಾಹೀರಾತು. ಫೈಲ್ ಹೆಸರಿನ ಬಾಲ ಕಾಣುವಂತೆ ಮಾಡಿದೆವು. ಬಾಲ ಕಾಣದಿದ್ದರೆ ಪಿಡಿಎಫ್ ಅಂತ ಹೆಸರಿಟ್ಟುಕೊಂಡು ಬಂದ ಇಎಕ್ಸ್‌ಇ, ಅಂದರೆ ಪ್ರೋಗ್ರಾಂ ಫೈಲ್ ಪಿಡಿಎಫ್ ಹಾಗೇ ಕಾಣುತ್ತದೆ. ಪೆನ್‌ಡ್ರೈವ್ ತಂದವರಿಗೆ ಮೊದಲು ಸ್ಕ್ಯಾನ್, ಆಮೇಲೆ ಪ್ರಿಂಟ್. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸಿಇಆರ್‌ಟಿ-ಇನ್ 2017ರ ಫೆಬ್ರವರಿಯಲ್ಲಿ ಶುರು ಮಾಡಿದ ಸೈಬರ್ ಸ್ವಚ್ಛತಾ ಕೇಂದ್ರ ಅಂತ ಒಂದಿದೆ, ಸೋಂಕು ತೆಗೆಯುವ ಪುಕ್ಕಟೆ ಸಾಧನಗಳನ್ನು ಅಲ್ಲಿಂದ ತಗೊಳ್ಳಬಹುದು. ಇದನ್ನು ಅಕ್ಕಪಕ್ಕದ ಅಂಗಡಿಯವರಿಗೂ ಹೇಳಿದೆ.

ಈಗ ಹೇಗಿದೆ

ಸ್ವಿಚ್ ಒತ್ತಿದ ಅರ್ಧ ನಿಮಿಷದೊಳಗೆ ಕೆಲಸ ಶುರು ಮಾಡಬಹುದು. ಪ್ರೊಸೆಸರ್ ಅದೇ, ಮಾನಿಟರ್ ಅದೇ. ವೇಗಕ್ಕೆ ದೊಡ್ಡ ಪಾಲು ಎಸ್‌ಎಸ್‌ಡಿಯದು ಅನ್ನುವುದನ್ನು ಒಪ್ಪುತ್ತೇನೆ. ಆದರೆ ಹಳೇ ಡಿಸ್ಕ್‌ನಲ್ಲೇ ಆ ಆ್ಯಪ್‌ಗಳನ್ನೆಲ್ಲ ತೆಗೆದು ಒಂದು ಸಲ ರೀಸ್ಟಾರ್ಟ್ ಮಾಡಿ ನೋಡಿದ್ದೆವು. ಆಗಲೇ ಡಿಸ್ಕ್ 100ರಿಂದ ಇಳಿದು, ವರ್ಡ್ ತಕ್ಕಮಟ್ಟಿಗೆ ಬೇಗ ತೆರೆದಿತ್ತು. ಎಸ್‌ಎಸ್‌ಡಿಗೆ ದುಡ್ಡಿಲ್ಲದವರು ಅಷ್ಟರಿಂದಲೇ ಶುರು ಮಾಡಬಹುದು.

ರಾತ್ರಿ ಅಂಗಡಿ ಮುಚ್ಚುವಾಗ ಮಗ ಆ ದಿನ ಬಂದ ಗಿರಾಕಿಗಳ ಫೈಲ್ ಅಳಿಸಿ, ರೀಸೈಕಲ್ ಬಿನ್ ಖಾಲಿ ಮಾಡುತ್ತಾನೆ. ಮರೆತ ದಿನಕ್ಕೆ ಅಂತ ಸ್ಟೋರೇಜ್ ಸೆನ್ಸ್‌ನಲ್ಲಿ ಡೌನ್‌ಲೋಡ್ಸ್ ಫೋಲ್ಡರನ್ನೂ ಸೇರಿಸಿದೆವು, ಸುಮ್ನೆ ಬಿದ್ದಿರುವ ಫೈಲ್ ತಾನಾಗೇ ಹೋಗುತ್ತದೆ. ವಾಟ್ಸಾಪ್ ಚಾಟ್‌ನೊಳಗೆ ಉಳಿಯುವುದನ್ನೂ ಅಳಿಸಬೇಕು, ಅದಕ್ಕೆ ತಾನಾಗಿ ಮಾಯವಾಗುವ ಮೆಸೇಜ್ ಸೆಟ್ಟಿಂಗ್ ಹಾಕಿದ್ದಾರೆ. ನಾಳೆ ಮತ್ತೆ ಬರುತ್ತೇನೆ, ಇಟ್ಟಿರಿ ಅನ್ನುವ ಗಿರಾಕಿಗಳ ಜೊತೆ ಇನ್ನೂ ಸ್ವಲ್ಪ ಜಗ್ಗಾಟ ನಡೆಯುತ್ತದೆ. ಅಂಗಡಿಯ ಸ್ವಂತ ಫೈಲ್‌ಗಳ ಒಂದು ಪ್ರತಿ ಹೊರಗಿನ ಡಿಸ್ಕ್‌ನಲ್ಲಿ, ವಾರಕ್ಕೊಮ್ಮೆ, ನಕಲು ಆದ ಮೇಲೆ ಕೇಬಲ್ ತೆಗೆದು. ಕೇಬಲ್ ಅಲ್ಲೇ ಬಿಟ್ಟರೆ ಫೈಲ್‌ಗಳಿಗೆ ಬೀಗ ಹಾಕುವ ರ್‍ಯಾನ್ಸಂವೇರ್ ಬಂದಾಗ ಆ ಪ್ರತಿಯೂ ಹೋಗುತ್ತದೆ.

ಬಾಕಿ ಇದ್ದದ್ದು ಹಳೇ ಹಾರ್ಡ್ ಡಿಸ್ಕ್. ಏನಾದರೂ ಫೈಲ್ ಬಿಟ್ಟು ಹೋಗಿದ್ದರೆ ಅಂತ ಒಂದು ತಿಂಗಳು ಅದನ್ನು ಹಾಗೇ ಇಟ್ಟಿದ್ದರು. ಎರಡು ಅಗ್ರಿಮೆಂಟ್ ಬೇಕಾದವು, ಸಿಕ್ಕವು. ಆಮೇಲೆ ಅದನ್ನು ಹಳೇ ಸಾಮಾನಿನವರಿಗೆ ಕೊಡೋಣ ಅಂತ ಮಾತು ಬಂತು. ಸಾವಿರಾರು ಜನರ ಆಧಾರ್ ಇರುವ ಡಿಸ್ಕ್ ಅದು. ಕ್ವಿಕ್ ಫಾರ್ಮ್ಯಾಟ್ ಆದರೆ ಫೈಲ್ ಅಳಿಯಲ್ಲ, ಪಟ್ಟಿ ಮಾತ್ರ ಅಳಿಯುತ್ತದೆ, ರಿಕವರಿ ಆ್ಯಪ್ ಇದ್ದವರು ಎತ್ತಿಕೊಳ್ಳುತ್ತಾರೆ. ಡಿಸ್ಕ್‌ಪಾರ್ಟ್‌ನಲ್ಲಿ ಕ್ಲೀನ್ ಆಲ್ ಕೊಟ್ಟು ಡಿಸ್ಕ್ ತುಂಬಾ ಸೊನ್ನೆ ಬರೆಸಿದೆವು, ಗಂಟೆಗಟ್ಟಲೆ ತಗೊಂಡಿತು. ಕೆಟ್ಟ ಸೆಕ್ಟರ್‌ಗಳಲ್ಲಿ ಏನು ಉಳಿದಿದೆಯೋ ಅನ್ನುವ ಅನುಮಾನಕ್ಕೆ ಪಕ್ಕದ ಬೀಗದ ಅಂಗಡಿಯಲ್ಲಿ ಡ್ರಿಲ್ ಇಟ್ಟು ತೂತು ಹೊಡೆಸಿ, ಇ-ತ್ಯಾಜ್ಯ ತಗೊಳ್ಳುವ ಕಡೆ ಕೊಟ್ಟರು.